ಅಚ್ಚಾಗದೆ ಉಳಿದ ಅರ್ಧ

ಲ್ಯಾಬಿನ ಕೀಲಿಗೊಂಚಲನ್ನು ಚೈತ್ರಾಳ ಕೈಗೆ ಕೊಟ್ಟು ಬಂದ ಮೇಲೂ ನನ್ನ ಕೈಚೀಲ ಒಂದಷ್ಟು ದಿನ ಹಗುರ ಅನ್ನಿಸುತ್ತಲೇ ಇರಲಿಲ್ಲ. ಕೀಲಿ ಇದ್ದ ಜಾಗವನ್ನು ಬೆರಳು ತಾನಾಗಿಯೇ ತಡಕುತ್ತಿತ್ತು. ಚೈತ್ರಾ ನನ್ನ ಜಾಗಕ್ಕೆ ಬಂದ ಹುಡುಗಿ. ಮೊನ್ನೆ ಫೋನ್ ಮಾಡಿದ್ದಳು. "ಮೇಡಂ, ಸಿಲಬಸ್ ಇದೆ, ನೋಟ್ಸ್ ಇದೆ, ಯೂಟ್ಯೂಬೂ ಇದೆ. ಆದ್ರೆ ಲ್ಯಾಬಲ್ಲಿ ಹುಡುಗೀರ ಹಿಂದೆ ನಿಂತ್ಕೊಂಡಾಗ ಏನು ನೋಡ್ಬೇಕು ಅಂತ ಎಲ್ಲೂ ಬರ್ದಿಲ್ಲ. ನೀವೇ ಬರ್ದುಕೊಡಿ" ಅಂದಳು. ನಾನು ಬರೆಯುವವಳಲ್ಲ, ಸಾರಿಗೆ ಒಗ್ಗರಣೆ ಹಾಕುವವಳು ಅಂದೆ. "ಒಗ್ಗರಣೆ ಹಾಕ್ತಾನೇ ಬರೀರಿ" ಅಂದಳು. ಹಾಗಾಗಿ ಅಡುಗೆಮನೆಯ ಮೇಜಿನ ಮುಂದೆ ಕೂತು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಇರುವುದು ತಿ. ನರಸೀಪುರದಲ್ಲಿ. ಕೆಲಸ ಮಾಡಿದ್ದು ನಂಜನಗೂಡಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ. ದಿನಾ ಬಸ್ಸು. ಬೆಳಿಗ್ಗೆ ನಂಜನಗೂಡಿನಲ್ಲಿ ನೀನು ನೋಡಿದ ಕಪಿಲೆಯ ನೀರು ಸಂಜೆಯೊಳಗೆ ನಮ್ಮೂರ ಸಂಗಮಕ್ಕೆ ಬಂದಿರುತ್ತದೆ, ನೀನು ಮಾತ್ರ ಇನ್ನೂ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೀಯ ಅಂತ ಯಜಮಾನರು ರೇಗಿಸುತ್ತಿದ್ದರು. ಅವರದು ಪಶು ಆಹಾರದ ಅಂಗಡಿ. ಮಗಳು ಸ್ಕೂಲಿಗೆ ಸೇರುವವರೆಗೆ ನಾನು ಮನೆಯಲ್ಲೇ ಇದ್ದೆ. ಮದುವೆಗೆ ಮುಂಚೆ ಬಿ.ಎಸ್ಸಿ. ಮಾಡಿ, ಮೈಸೂರಿನಲ್ಲಿ ಕಂಪ್ಯೂಟರಿನ ಒಂದು ಕೋರ್ಸನ್ನೂ ಮುಗಿಸಿದ್ದೆ. ಕಾಲೇಜಿನವರು ಲ್ಯಾಬ್ ಇನ್‌ಸ್ಟ್ರಕ್ಟರ್ ಬೇಕು ಅಂತ ಹುಡುಕುತ್ತಿದ್ದಾಗ ಆ ಸರ್ಟಿಫಿಕೇಟು ಬೀರುವಿನಲ್ಲಿ ರೇಷ್ಮೆ ಸೀರೆಯ ಮಡಿಕೆಯ ಒಳಗೆ ಸಿಕ್ಕಿತು. ನುಸಿಗುಳಿಗೆಯ ವಾಸನೆಯ ಸರ್ಟಿಫಿಕೇಟು ತೋರಿಸಿಯೇ ನನಗೆ ಕೆಲಸ ಸಿಕ್ಕಿದ್ದು.

ಆಗಿನ ಲ್ಯಾಬಿಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಬಾಗಿಲ ಹೊರಗಿನ ಚಪ್ಪಲಿಗಳನ್ನು ನೋಡಿಯೇ ಒಳಗೆ ಯಾರಿದ್ದಾರೆ ಅಂತ ಹೇಳಿಬಿಡುತ್ತಿದ್ದೆ. ಹೆಡತಲೆ ಕಡೆಯಿಂದ ಬರುವವರ ಚಪ್ಪಲಿಗೆ ಕೆಂಪು ಧೂಳು. ಪೇಟೆಯವರದಕ್ಕೆ ಏನೂ ಇಲ್ಲ. ಒಳಗೆ ನೀಲಿ ಪರದೆ, ಹಳದಿ ಅಕ್ಷರ. ಏರ್ ಕಂಡೀಷನರ್ ಯಂತ್ರಗಳ ಸುಖಕ್ಕೆ ಇದ್ದದ್ದೇ ಹೊರತು ನಮ್ಮ ಸುಖಕ್ಕಲ್ಲ. ಮೇ ತಿಂಗಳಲ್ಲೂ ಹುಡುಗಿಯರು ಸೆರಗು, ದುಪ್ಪಟ್ಟ ಹೊದ್ದು ಕೂತಿರುತ್ತಿದ್ದರು. ಮೂಲೆಯಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಅದು ಕಿರ್ರ್ ಕಿರ್ರ್ ಅಂತ ಶುರು ಮಾಡಿದರೆ ಪಕ್ಕದ ಇತಿಹಾಸದ ಕ್ಲಾಸಿನವರು ಬಾಗಿಲು ಹಾಕಿಕೊಳ್ಳುತ್ತಿದ್ದರು.

ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಒಂದೇ ವಿಷಯಕ್ಕೆ ಹೋಯಿತು. ಸಿ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಉತ್ತರವನ್ನು ಪರದೆಯ ಮೇಲೋ ಕಾಗದದ ಮೇಲೋ ಹೇಗೆ ಮುದ್ರಿಸುವುದು ಅನ್ನುವ ವಿಷಯ. ಪುಸ್ತಕದಲ್ಲಿ ಅದಕ್ಕೆ ಅರ್ಧ ಪುಟ. ಪೂರ್ಣಾಂಕಕ್ಕೆ %d, ದಶಮಾಂಶಕ್ಕೆ %f, ಒಂದು ಅಕ್ಷರಕ್ಕೆ %c, ಹೆಸರಿಗೆ %s. ಇಷ್ಟೇ. ಆದರೆ ಹುಡುಗಿಯರು ಅಳುತ್ತಿದ್ದದ್ದು ಇಲ್ಲೇ. ಲೆಕ್ಕ ಸರಿ ಇರುತ್ತದೆ, ಒಳಗೆ ಉತ್ತರವೂ ಸರಿಯಾಗಿಯೇ ಕೂತಿರುತ್ತದೆ, ತೋರಿಸುವ ಬಾಗಿಲು ತಪ್ಪಾಗಿ ಹೊರಗೆ ಬೇರೇನೋ ಬರುತ್ತದೆ.

ನನ್ನ ಮೊದಲ ವರ್ಷದ ಒಂದು ಪ್ರಸಂಗ. ಎಲ್ಲರೂ ತಮ್ಮ ರೋಲ್ ನಂಬರ್ ಮುದ್ರಿಸಿ ಅಂದಿದ್ದೆ. ಮೂರನೇ ನಂಬರಿನ ಸುಮಿತ್ರ %d ಹಾಕುವ ಕಡೆ %c ಹಾಕಿಬಿಟ್ಟಳು. ಆ ಹಳೆಯ ಯಂತ್ರಗಳಲ್ಲಿ ಮೂರನೆಯ ಸಂಕೇತ ಅಂದರೆ ಇಸ್ಪೀಟಿನ ಎಲೆಯ ಮೇಲಿರುವಂಥ ಹೃದಯದ ಚಿತ್ರ. ನೀಲಿ ಪರದೆಯ ಮಧ್ಯದಲ್ಲಿ ಪುಟ್ಟ ಹೃದಯ. ಅಕ್ಕಪಕ್ಕದವರೆಲ್ಲ ಅವಳ ಕುರ್ಚಿಯ ಸುತ್ತ. ಅದೇ ಹೊತ್ತಿಗೆ ಪ್ರಿನ್ಸಿಪಾಲರು ಚನ್ನಬಸಪ್ಪನವರು ಒಳಗೆ ಬಂದರು. ಗಣಿತದ ಮೇಷ್ಟರು, ಹಣೆಯಲ್ಲಿ ಮೂರೆಳೆ ವಿಭೂತಿ, ಕೈಯಲ್ಲಿ ಯಾವಾಗಲೂ ಒಂದು ಮರದ ಸ್ಕೇಲು.

"ಏನಮ್ಮ ಇದು? ಯಾರಿಗೆ?" ಅಂದರು.

ಸುಮಿತ್ರ ಎದ್ದು ನಿಂತು, "ಯಾರ್ಗೂ ಇಲ್ಲ ಸಾ. ಮೂರಕ್ಕೆ" ಅಂದಳು.

ಅವರು ನನ್ನ ಕಡೆ ನೋಡಿದರು. ನಾನು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿ, "ನಾಲ್ಕಕ್ಕೆ ಏನು ಬರುತ್ತೆ?" ಅಂತ ಕೇಳಿದರು. ಡೈಮಂಡ್ ಬರುತ್ತದೆ ಸರ್, ಐದಕ್ಕೆ ಕ್ಲಬ್ ಅಂದೆ. "ಸರಿ, ಐದರವರೆಗೆ ಹೋಗಬೇಡಿ. ಇದು ಕ್ಲಬ್ಬಲ್ಲ" ಅಂದು ಹೊರಟುಹೋದರು. ಬಾಗಿಲು ದಾಟಿದ ಮೇಲೆ ಅವರ ಭುಜ ಕುಲುಕಿದ್ದನ್ನು ನಾನು ನೋಡಿದೆ. ನಕ್ಕಿದ್ದರು.

ಇನ್ನೊಂದು ಸಲ ಮೂಗೂರಿನ ಹುಡುಗಿಯೊಬ್ಬಳು ತೋಟದ ತೆಂಗಿನಕಾಯಿಯ ಲೆಕ್ಕ ಹಾಕುವ ಪ್ರೋಗ್ರಾಂ ಬರೆದಳು. ನಲವತ್ತು ಸಾವಿರ ಅಂತ ಕೊಟ್ಟರೆ ಪರದೆಯ ಮೇಲೆ ಮೈನಸ್ ಇಪ್ಪತ್ತೈದು ಸಾವಿರದ ಚಿಲ್ಲರೆ ಬಂತು. ಆ ಯಂತ್ರದ ಪೂರ್ಣಾಂಕದ ಡಬ್ಬಿ ಅಷ್ಟು ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ, ತುಂಬಿದ ಮೇಲೆ ಸುತ್ತಿಕೊಂಡು ಹಿಂದಿನಿಂದ ಬರುತ್ತದೆ. ಅವಳು ಕೈ ಮೇಲೆತ್ತಿ, "ಮೇಡಂ, ನಮ್ ತ್ವಾಟದವ್ರೇ ಊರ್ಗೆ ಕಾಯಿ ಕೊಡ್ಬೇಕಾಯ್ತದೆ" ಅಂದಳು. ಇಡೀ ಲ್ಯಾಬು ನಕ್ಕಿತು. ದೊಡ್ಡ ಡಬ್ಬಿ ತಗೊಂಡು %ld ಹಾಕು ಅಂದೆ. ಈಗಿನ ಯಂತ್ರದಲ್ಲಿ ಈ ತಪ್ಪು ಅಷ್ಟು ಸುಲಭಕ್ಕೆ ಆಗುವುದಿಲ್ಲ, ಚೈತ್ರಾ. ಆದರೆ ಡಬ್ಬಿ ಎಷ್ಟು ದೊಡ್ಡದು ಅಂತ ಕೇಳುವ ಅಭ್ಯಾಸ ಬಿಡಬೇಡ.

ಚನ್ನಬಸಪ್ಪನವರಿಗೆ ಅಚ್ಚುಕಟ್ಟು ಅಂದರೆ ಪ್ರಾಣ. ಪ್ರಿಂಟ್ ಆದ ಹಾಳೆಯ ಮೇಲೆ ಸ್ಕೇಲನ್ನು ನೆಟ್ಟಗೆ ಇಟ್ಟು ನೋಡುತ್ತಿದ್ದರು. ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ಬರಬೇಕು. ಒಂಬತ್ತು ಅನ್ನುವುದು ನೂರರ ತಲೆಯ ಕೆಳಗೆ ಹೋಗಿ ಕೂತಿದ್ದರೆ ಹಾಳೆ ವಾಪಸ್ಸು. ಉಳಿದ ಮೇಷ್ಟರುಗಳು ಇದನ್ನು ಕಿರಿಕಿರಿ ಅನ್ನುತ್ತಿದ್ದರು. ನನಗೆ ಮಾತ್ರ ಹಾಗನ್ನಿಸಲಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಲೂಸಿ ತೂತು ತೂತಿನ ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್ ಹಾಕಿಸುತ್ತಿದ್ದರು. ಗುಲಾಬಿಗೆ ಇಷ್ಟು ಮನೆ, ಎಲೆಗೆ ಇಷ್ಟು ಮನೆ, ಖಾಲಿ ಬಿಡುವ ಮನೆಯನ್ನೂ ಎಣಿಸಬೇಕು. ಒಂದು ಮನೆ ತಪ್ಪಿದರೆ ಗುಲಾಬಿಯ ಮೂತಿ ಸೊಟ್ಟ. %5d ಅಂದರೂ ಅದೇ: ಐದು ಮನೆ ಬಿಟ್ಟಿದ್ದೇನೆ, ಸಂಖ್ಯೆ ಬಲಗಡೆ ಒತ್ತಿ ಕೂತುಕೊಳ್ಳಲಿ, ಉಳಿದದ್ದು ಖಾಲಿ ಇರಲಿ. ಮುಂದೆ ಒಂದು ಮೈನಸ್ ಹಾಕಿದರೆ ಎಡಗಡೆ ಒತ್ತಿ ಕೂರುತ್ತದೆ. ಹೆಸರುಗಳಿಗೆ ಅದು ಚೆಂದ. ಹುಡುಗಿಯರಿಗೆ ನಾನು ಹಾಗೆಯೇ ಹೇಳಿಕೊಟ್ಟೆ. ಬಟ್ಟೆ ತಂದು ತೋರಿಸಿಯೂ ಇದ್ದೆ.

ಬಟ್ಟೆಗೂ ಇದಕ್ಕೂ ಇರುವ ಒಂದು ವ್ಯತ್ಯಾಸ ತಿಳಿದದ್ದು ವೆಂಕಟಲಕ್ಷ್ಮಮ್ಮ ಅನ್ನುವ ಹುಡುಗಿ ಸೇರಿದಾಗ. ಅವಳ ಹೆಸರು ಇಂಗ್ಲಿಷಿನಲ್ಲಿ ನಾನು ಬಿಟ್ಟ ಮನೆಗಳಿಗಿಂತ ಉದ್ದ. ಜಾಗ ಸಾಲದಿದ್ದರೆ ಈ ಭಾಷೆ ಹೆಸರನ್ನು ಕತ್ತರಿಸುವುದಿಲ್ಲ. ಚಾಪೆ ಚಿಕ್ಕದಾಯಿತು ಅಂತ ನೆಂಟರ ಕಾಲು ಕತ್ತರಿಸುತ್ತೇವೆಯೇ, ಕಾಲು ಚಾಚಿ ಮಲಗಲಿ ಅಂತ ಬಿಡುತ್ತೇವೆ. ಹಾಗಾಗಿ ಕಿರುಪರೀಕ್ಷೆಯ ಪಟ್ಟಿಯಲ್ಲಿ ಅವಳ ಸಾಲಿನ ಅಂಕಗಳೆಲ್ಲ ಬಲಕ್ಕೆ ಜರುಗಿದವು. ಪ್ರಿನ್ಸಿಪಾಲರ ಸ್ಕೇಲು ನೆನಪಾಗಿ, ನಾನು ಒಂದು ಬಿಂದು ಹಾಕಿ ಹತ್ತು ಅಕ್ಷರಕ್ಕೆ ಹೆಸರು ನಿಲ್ಲುವ ಹಾಗೆ ಮಾಡಿಬಿಟ್ಟೆ. ಪಟ್ಟಿ ನೋಟೀಸ್ ಬೋರ್ಡಿಗೆ ಹೋಯಿತು. ಮಧ್ಯಾಹ್ನ ಅವಳು ಬಂದು ನಿಂತಳು.

"ಮೇಡಂ, ನಮ್ಮಜ್ಜಿ ಮಡಗಿದ ಎಸ್ರು. ಅರ್ಧಕ್ಕೇ ಕತ್ತರ್ಸಿದ್ದೀರಲ್ಲ. ಎಲ್ರೂ ವೆಂಕಟಲಕ್, ವೆಂಕಟಲಕ್ ಅಂತವ್ರೆ."

ಬಿಂದು ತೆಗೆದು ಎಲ್ಲರ ಚಾಪೆಯನ್ನೂ ಉದ್ದ ಮಾಡಿ ಇನ್ನೊಮ್ಮೆ ಮುದ್ರಿಸಿದೆ.

ಪಟ್ಟಿ ಅಂದೆನಲ್ಲ, ಅದರ ಕಥೆ ಹೇಳಬೇಕು. ಯಾಕೆಂದರೆ ನಾನು ಇಷ್ಟೆಲ್ಲ ಬರೆಯಲು ಕೂತದ್ದೇ ಅದಕ್ಕಾಗಿ.

ನಮ್ಮ ಕಾಲೇಜಿನಲ್ಲಿ ವರ್ಷಕ್ಕೆ ಎರಡು ಕಿರುಪರೀಕ್ಷೆ. ಎರಡರ ಸರಾಸರಿ ಮೂವತ್ತೈದು ಬಂದವರನ್ನು ಮಾತ್ರ ದೊಡ್ಡ ಪರೀಕ್ಷೆಗೆ ಕಳಿಸುವುದು. ಸರಾಸರಿಯಲ್ಲಿ ಅರ್ಧ ಬಂದರೆ ಅದನ್ನು ಪೂರ್ತಿ ಮಾಡುವುದು ಚನ್ನಬಸಪ್ಪನವರು ಹಿಂದೆಯೇ ಮಾಡಿದ್ದ ನಿಯಮ. ಆಫೀಸಿನ ಗುಮಾಸ್ತರು ಶ್ರೀಕಂಠಯ್ಯನವರು ಇದನ್ನೆಲ್ಲ ಕೈಯಲ್ಲಿ ಮಾಡಿ ಬೆನ್ನು ನೋಯಿಸಿಕೊಳ್ಳುತ್ತಿದ್ದರು. ಅವರ ಸಲುವಾಗಿ ನಾನೊಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟೆ. ಎರಡು ಅಂಕ ಕೂಡಿಸಿ, ಎರಡರಿಂದ ಭಾಗಿಸಿ, %.0f ಅಂತ ಕೊಟ್ಟರೆ ಬಿಂದುವಿನ ಆಚೆ ಏನೂ ಇಲ್ಲದೆ ದುಂಡಗೆ ಮುದ್ರಿಸುತ್ತದೆ. ನೀಲಿ ಪರದೆಯ ಆ ಹಳೆಯ ಯಂತ್ರದಲ್ಲಿ ಅರ್ಧ ಬಂದಾಗಲೆಲ್ಲ ಮೇಲಿನ ಸಂಖ್ಯೆಯೇ ಬರುತ್ತಿತ್ತು. ನಿಯಮವೂ ಅದೇ, ಯಂತ್ರವೂ ಅದೇ. ಯಾರೂ ಎರಡನೆಯ ಸಲ ಯೋಚಿಸಲಿಲ್ಲ. ಶ್ರೀಕಂಠಯ್ಯನವರ ಕೆಲಸ ಈಗ ಒಂದೇ: ಮೂವತ್ತೈದಕ್ಕಿಂತ ಕಡಿಮೆ ಇದ್ದ ಸಾಲುಗಳ ಕೆಳಗೆ ಕೆಂಪು ಪೆನ್ಸಿಲಿನ ಗೆರೆ ಎಳೆಯುವುದು. ಆ ಪೆನ್ಸಿಲನ್ನು ಅವರು ಕಿವಿಯ ಮೇಲೆಯೇ ಇಟ್ಟುಕೊಂಡಿರುತ್ತಿದ್ದರು. ಅವರ ಬಿಳಿ ಕೂದಲಿಗೆ ಅಲ್ಲಿ ಸ್ವಲ್ಪ ಕೆಂಪು ಹತ್ತಿರುತ್ತಿತ್ತು.

ಹೀಗೇ ವರ್ಷಗಳು ನಡೆದವು. ಆಮೇಲೆ ಹೊಸ ಯಂತ್ರಗಳು ಬಂದವು. ಚಪ್ಪಟೆ ಪರದೆ, ಸದ್ದಿಲ್ಲದ ಪ್ರಿಂಟರು, ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವ ಹೊಸ ಕಂಪೈಲರು. ಹಳೆಯವನ್ನೆಲ್ಲ ಗುಜರಿಗೆ ಕೊಟ್ಟರೂ ಆಫೀಸಿನ ಒಂದು ಯಂತ್ರವನ್ನು ಮಾತ್ರ ಅಟೆಂಡರ್ ಸಿದ್ದಪ್ಪ ಬಿಟ್ಟುಕೊಡಲಿಲ್ಲ. ಆಯುಧಪೂಜೆಯಲ್ಲಿ ಪ್ರತಿ ವರ್ಷ ಅವನೇ ಅದಕ್ಕೆ ಕುಂಕುಮ ಇಟ್ಟು ಬೂದಗುಂಬಳ ಒಡೆಯುತ್ತಿದ್ದದ್ದು. "ಪೂಜೆ ಮಾಡ್ದ ವಸ್ತುವ ತೂಕಕ್ಕಾಕ್ಬಾರ್ದು ಮೇಡಮ್ಮಾ" ಅಂತ ಹೇಳಿ, ಯಾರೋ ಬಿಟ್ಟುಹೋಗಿದ್ದ ಪಂಚೆ ಹೊದಿಸಿ, ಪ್ರಿಂಟರಿನ ಸಮೇತ ಆಟದ ಸಾಮಾನಿನ ಕೋಣೆಯಲ್ಲಿ ಇಟ್ಟುಬಿಟ್ಟ. ಥ್ರೋಬಾಲಿನ ನೆಟ್ಟಿನ ಪಕ್ಕದಲ್ಲಿ ಅದು ಜ್ವರ ಬಂದ ಮುದುಕರ ಹಾಗೆ ಹೊದ್ದು ಕೂತಿತ್ತು.

ನನ್ನ ಪಟ್ಟಿಯ ಪ್ರೋಗ್ರಾಮನ್ನು ಹೊಸ ಯಂತ್ರಕ್ಕೆ ತಂದಾಗ ಒಂದೆರಡು ಸಾಲು ಮಾತ್ರ ಬದಲಿಸಬೇಕಾಯಿತು. ಮುದ್ರಿಸುವ ಸಾಲನ್ನು ಮುಟ್ಟಲೇ ಇಲ್ಲ. ಸ್ಕೇಲು ಇಟ್ಟು ನೋಡಿದೆ. ಬಿಡಿಯ ಕೆಳಗೆ ಬಿಡಿ ಇತ್ತು.

ಆ ವರ್ಷ ಕೊನೆಯ ತರಗತಿಯಲ್ಲಿ ನಾಗರತ್ನ ಇದ್ದಳು. ಹೆಡತಲೆಯವಳು. ತಾಯಿ ಬಿದ್ದು ಸೊಂಟ ಮುರಿದುಕೊಂಡಾಗ ಕಾಲೇಜು ಬಿಟ್ಟಿದ್ದವಳು, ತಾಯಿ ಕೋಲು ಹಿಡಿದು ಓಡಾಡುವಂತಾದ ಮೇಲೆ ಮತ್ತೆ ಬಂದು ಸೇರಿದ್ದಳು. ಉಳಿದವರಿಗಿಂತ ಎರಡು ವರ್ಷ ದೊಡ್ಡವಳು. ಕಾಲೇಜಿನ ನಿಯಮದಲ್ಲಿ ಹಾಗೆ ಒಮ್ಮೆ ಬಿಟ್ಟು ಬರಬಹುದು. ಅದರ ಮೇಲೆ ಮತ್ತೊಮ್ಮೆ ಹಿಂದುಳಿದರೆ ಹೆಸರು ತೆಗೆದುಬಿಡುತ್ತಾರೆ. ಅದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಬಿಟ್ಟದ್ದನ್ನು ಹಿಡಿಯಲು ಒದ್ದಾಡುತ್ತಿದ್ದಳು. ಕೀಬೋರ್ಡಿನ ಮೇಲೆ ಅವಳ ಬೆರಳು ನಿಧಾನ. ಒಂದು ಕೀಲಿ ಒತ್ತಿದ ಮೇಲೆ ಪರದೆ ನೋಡಿ, ಬಂತು ಅಂತ ಖಾತ್ರಿ ಮಾಡಿಕೊಂಡೇ ಇನ್ನೊಂದನ್ನು ಒತ್ತುವುದು.

ದೊಡ್ಡ ಪರೀಕ್ಷೆಗೆ ಹೋಗುವವರ ಪಟ್ಟಿಯನ್ನು ಮೈಸೂರಿಗೆ ಒಯ್ಯುವ ದಿನ. ಬೆಳಿಗ್ಗೆ ಪಟ್ಟಿ ಮುದ್ರಿಸಿಕೊಟ್ಟು ಲ್ಯಾಬಿಗೆ ಬಂದಿದ್ದೆ. ಸ್ವಲ್ಪ ಹೊತ್ತಿಗೆ ನಾಗರತ್ನ ಬಾಗಿಲಲ್ಲಿ ನಿಂತಿದ್ದಳು. ಚಪ್ಪಲಿ ಬಿಟ್ಟಿರಲಿಲ್ಲ.

"ನನ್ ಎಸ್ರಿಗೆ ಕೆಂಪು ಗೀಟು ಆಕವ್ರೆ ಮೇಡಂ."

"ಎಷ್ಟು ಬಂದಿದೆ?"

"ಮೂವತ್ನಾಕು." ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ, "ಒಂದ್ರಲ್ಲಿ ಮೂವತ್ತು ತಗಂಡಿದ್ದೆ, ಇನ್ನೊಂದ್ರಲ್ಲಿ ಮೂವತ್ತೊಂಬತ್ತು. ನಾನು ಬಸ್ಸಲ್ಲಿ ಬರ್ತಾ ಕೂಡಿಸ್ಕಂಡಿದ್ದೆ. ಸಾಕಾಯ್ತದೆ ಅನ್ಕಂಡಿದ್ದೆ" ಅಂದಳು.

ಮೂವತ್ತು, ಮೂವತ್ತೊಂಬತ್ತು. ಕೂಡಿಸಿದರೆ ಅರವತ್ತೊಂಬತ್ತು, ಅದರ ಅರ್ಧ ಮೂವತ್ತನಾಲ್ಕೂವರೆ. ಅರ್ಧ ಪೂರ್ತಿಯಾಗಿ ಮೂವತ್ತೈದು ಬರಬೇಕು. ನಾನು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಆಫೀಸಿಗೆ ಹೋದೆ.

ಶ್ರೀಕಂಠಯ್ಯನವರು ಪಟ್ಟಿಯನ್ನು ಕವರಿಗೆ ಹಾಕಲು ಮಡಿಸುತ್ತಿದ್ದರು. ನೋಡಿದೆ, ಮೂವತ್ತನಾಲ್ಕು ಅಂತಲೇ ಇತ್ತು, ಕೆಳಗೆ ಕೆಂಪು ಗೆರೆ. "ಇದು ಮೂವತ್ತೈದಾಗಬೇಕು" ಅಂದೆ.

"ನೋಡೀಮ್ಮ, ನಾನಂತೂ ಬರ್ದಿಲ್ಲ. ನಿಮ್ ಕಂಪ್ಯೂಟ್ರೇ ಕೊಟ್ಟಿದ್ದು. ಇಷ್ಟು ವರ್ಷ ಅದು ಹೇಳಿದ್ದಕ್ಕೆಲ್ಲ ಗೀಟು ಎಳ್ದಿದ್ದೀನಿ, ಇವತ್ತು ಅದು ಸುಳ್ಳು ಅಂದ್ರೆ ಹೆಂಗೆ?"

ಅಷ್ಟರಲ್ಲಿ ನನ್ನ ಕಣ್ಣು ಮೇಲಿನ ಸಾಲಿಗೆ ಹೋಯಿತು. ಇನ್ನೊಬ್ಬ ಹುಡುಗಿ, ಅವಳಿಗೆ ಮೂವತ್ತಾರು ಮತ್ತು ಮೂವತ್ತೈದು. ಸರಾಸರಿ ಮೂವತ್ತೈದೂವರೆ. ಅವಳಿಗೆ ಮೂವತ್ತಾರು ಕೊಟ್ಟಿದೆ. ಅಲ್ಲಿ ಅರ್ಧ ಮೇಲಕ್ಕೆ ಹೋಗಿದೆ, ಇಲ್ಲಿ ಕೆಳಕ್ಕೆ ಬಿದ್ದಿದೆ. ಅದೇ ಯಂತ್ರ, ಅದೇ ಸಾಲು, ಅದೇ ಅರ್ಧ. ಕ್ರಾಸ್ ಸ್ಟಿಚ್ಚಿನಲ್ಲಿ ಒಂದು ಮನೆ ತಪ್ಪಿದಾಗ ಎಲ್ಲಿ ಅಂತ ತಿಳಿಯುವ ಮುಂಚೆಯೇ ಕಣ್ಣಿಗೆ ಚುಚ್ಚುತ್ತದಲ್ಲ, ಹಾಗಾಯಿತು.

ಲ್ಯಾಬಿಗೆ ವಾಪಸ್ಸು ಹೋಗಿ ಹೊಸ ಯಂತ್ರದ ಮುಂದೆ ಕೂತೆ. ಅರ್ಧ, ಒಂದೂವರೆ, ಎರಡೂವರೆ, ಮೂರೂವರೆ, ಹೀಗೆ ಬರೀ ಅರ್ಧಗಳನ್ನೇ ಸಾಲಾಗಿ ಮುದ್ರಿಸುವ ಹಾಗೆ ಮಾಡಿದೆ. ಪರದೆಯ ಮೇಲೆ ಬಂದದ್ದು: ಸೊನ್ನೆ, ಎರಡು, ಎರಡು, ನಾಲ್ಕು, ನಾಲ್ಕು, ಆರು, ಆರು. ರಂಗೋಲಿಯ ಚುಕ್ಕಿಯ ಹಾಗೆ ಜೋಡಿ ಜೋಡಿ. ಒಂದೂ ಬೆಸಸಂಖ್ಯೆ ಇಲ್ಲ. ಸರಿಯಾಗಿ ಅರ್ಧ ಬಂದಾಗ ಹೊಸ ಯಂತ್ರ ಹತ್ತಿರದ ಸಮಸಂಖ್ಯೆಗೆ ಹೋಗುತ್ತಿತ್ತು. ಮೂವತ್ತೈದೂವರೆಗೆ ಸಮಸಂಖ್ಯೆ ಮೇಲಿದೆ, ಮೂವತ್ತನಾಲ್ಕೂವರೆಗೆ ಕೆಳಗಿದೆ. ನಾಗರತ್ನ ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದಳು. ಅವಳ ಉಸಿರು ಕೇಳುತ್ತಿತ್ತು.

ಪ್ರಿನ್ಸಿಪಾಲರ ಕೋಣೆಯಲ್ಲಿ ಇದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದು ಒಪ್ಪಿಗೆಯ ಲಕ್ಷಣವಲ್ಲ.

"ನೋಡಮ್ಮ, ಅಚ್ಚಾದ ಮೇಲೆ ಮುಗೀತು. ಒಬ್ಬಳ ಅಂಕ ಕೈಯಲ್ಲಿ ತಿದ್ದಿದರೆ ನಾಳೆ ನಂಜನಗೂಡೆಲ್ಲ ಬಂದು ಬಾಗಿಲಲ್ಲಿ ನಿಲ್ಲುತ್ತೆ. ಯಂತ್ರ ತಂದದ್ದೇ ಅದಕ್ಕೆ, ಯಾರ ಮುಖವನ್ನೂ ನೋಡದೇ ಇರಲಿ ಅಂತ."

"ತಿದ್ದಿ ಅಂತ ಕೇಳ್ತಾ ಇಲ್ಲ ಸರ್. ಹಳೇ ಯಂತ್ರದಲ್ಲಿ ಇದೇ ಪ್ರೋಗ್ರಾಂ ಓಡಿಸಿದರೆ ಮೂವತ್ತೈದೇ ಬರೋದು."

"ಬರೋದು ಅಂತ ನೀವು ಹೇಳ್ತೀರಿ. ಆ ಯಂತ್ರ ಎಲ್ಲಿದೆ?"

ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದ ಸಿದ್ದಪ್ಪ ಎದ್ದ. "ಆಟದ್ ರೂಮಲ್ಲಿ ಅದೆ ಸಾ" ಅಂದ.

ನಾವೆಲ್ಲ ಆ ಕೋಣೆಗೆ ಹೋದೆವು. ಸಿದ್ದಪ್ಪ ಪಂಚೆ ತೆಗೆದ. ಹೋದ ಆಯುಧಪೂಜೆಯ ಕುಂಕುಮ ಮಾನಿಟರಿನ ಹಣೆಯ ಮೇಲೆ ಇನ್ನೂ ಇತ್ತು. ವೈರು ಸಿಕ್ಕಿಸಿ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. "ತಡೀರಿ, ಅದ್ಕೆ ಎದ್ದೇಳಕ್ಕೆ ಒತ್ತಾಯ್ತದೆ, ವಯಸ್ಸಾಗ್ಯದೆ" ಅಂದ ಸಿದ್ದಪ್ಪ, ಅದರ ಬೆನ್ನಿನ ಮೇಲೆ ಮೆಲ್ಲಗೆ ಒಂದು ಏಟು ಕೊಟ್ಟು. ಒಳಗೆ ಏನೋ ಗೊರಗೊರ ಅಂದಿತು. ದಿನಾಂಕ ಗೊತ್ತಿಲ್ಲ ಅಂತ ಇಂಗ್ಲಿಷಿನಲ್ಲಿ ಹೇಳಿತು. ಪರವಾಗಿಲ್ಲ ಅಂತ ಒಂದು ಕೀಲಿ ಒತ್ತಿದೆ. ನೀಲಿ ಪರದೆ ಬಂತು. ಹಳದಿ ಅಕ್ಷರಗಳನ್ನು ನೋಡಿ ಸೆರಗಿನಿಂದಲೇ ಆ ಪರದೆ ಒರೆಸಿದೆ ಅಂದರೆ ನೀನು ನಗುತ್ತೀಯ, ಚೈತ್ರಾ. ನನ್ನ ಪ್ರೋಗ್ರಾಂ ಅಲ್ಲಿಯೇ ಇತ್ತು.

ಪ್ರಿನ್ಸಿಪಾಲರು ಪಟ್ಟಿ ನೋಡಿ ಅಂಕ ಓದಿದರು, ನಾನು ಒತ್ತಿದೆ. ನಾಗರತ್ನಳೊಬ್ಬಳದಲ್ಲ, ಎಲ್ಲರದೂ. ಹಾಗೇ ಆಗಬೇಕು ಅಂತ ಅವರ ಹಟ. ಹೊತ್ತು ಹೋಗುತ್ತಿತ್ತು. ಶ್ರೀಕಂಠಯ್ಯನವರು ಕಿಟಕಿಯಿಂದ ರಸ್ತೆ ನೋಡುತ್ತ, "ಮೈಸೂರು ಬಸ್ಸು" ಅಂತ ಒಂದು ಸಲ ಅಂದರು. ಮುದ್ರಿಸು ಅಂದೆ. ಪ್ರಿಂಟರು ಕಿರ್ರ್ ಅಂತ ಶುರುವಾಯಿತು. ರಿಬ್ಬನ್ನು ಒಣಗಿಹೋಗಿತ್ತು. ಸಾಲುಗಳು ತೊಳೆದ ಅರಿವೆಯ ಹಾಗೆ ಮಾಸಲು. ಚನ್ನಬಸಪ್ಪನವರು ಹಾಳೆ ಹರಿದು, ಬಾಗಿಲ ಬೆಳಕಿಗೆ ಹೋಗಿ, ಸ್ಕೇಲನ್ನು ನಾಗರತ್ನಳ ಹೆಸರಿನ ಕೆಳಗೆ ಇಟ್ಟರು.

"ಮೂವತ್ತೈದು" ಅಂದರು.

ಹೊಸ ಹಾಳೆಯನ್ನೂ ಪಕ್ಕಕ್ಕೆ ಹಿಡಿದರು. ಅವರ ಮುಖ ಗೆದ್ದವರದೂ ಅಲ್ಲ, ಸೋತವರದೂ ಅಲ್ಲ. "ಹೊಸದು ಯಾಕೆ ಹಾಗೆ ಮಾಡುತ್ತೆ? ಕೆಟ್ಟಿದೆಯಾ?" ಅಂತ ಕೇಳಿದರು.

"ಕೆಟ್ಟಿಲ್ಲ ಸರ್. ಯಾವಾಗಲೂ ಅರ್ಧವನ್ನ ಮೇಲಕ್ಕೇ ತಗೊಂಡು ಹೋದರೆ ತುಂಬಾ ಸಂಖ್ಯೆ ಕೂಡಿಸುವಾಗ ಒಟ್ಟು ಮೊತ್ತ ಮೇಲಕ್ಕೆ ವಾಲುತ್ತೆ. ಸಮಸಂಖ್ಯೆಗೆ ಹೋದರೆ ಒಂದು ಸಲ ಮೇಲೆ, ಒಂದು ಸಲ ಕೆಳಗೆ. ತಕ್ಕಡಿ ನೆಟ್ಟಗಿರುತ್ತೆ."

ಗಣಿತದ ಮೇಷ್ಟರು ತಲೆ ಆಡಿಸಿದರು. ಮೆಚ್ಚುಗೆಯಿತ್ತು. "ಹಾಗಾದರೆ ಎರಡೂ ಸರಿ. ಯಾವುದರ ಮಾತು ಕೇಳಬೇಕಮ್ಮ ನಾನು?"

ನಾನು ಮೆತ್ತಗಿನ ಹೆಂಗಸು. ದೊಡ್ಡವರ ಎದುರು ವಾದ ಮಾಡಿದವಳಲ್ಲ. ಬಾಗಿಲ ಆಚೆ ನಾಗರತ್ನಳ ದುಪ್ಪಟ್ಟದ ಅಂಚು ಕಾಣುತ್ತಿತ್ತು. ಅದನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು. "ಎರಡರದ್ದೂ ಬೇಡ ಸರ್. ನಿಯಮ ಮಾಡಿದ್ದು ನೀವು. ಅರ್ಧ ಬಂದರೆ ಪೂರ್ತಿ ಅಂತ ಹೇಳಿದ್ದು ನೀವು. ಅದನ್ನ ನಾವು ಯಂತ್ರಕ್ಕೆ ಹೇಳೇ ಇರಲಿಲ್ಲ. ಹಳೇದು ತಾನಾಗೇ ನಿಮ್ಮ ಹಾಗೆ ಮಾಡ್ತಿತ್ತು, ಅದಕ್ಕೇ ಗೊತ್ತಾಗಲಿಲ್ಲ."

ಅವರು ಸ್ಕೇಲಿನಿಂದ ಅಂಗೈಯನ್ನು ಮೆಲ್ಲಗೆ ತಟ್ಟಿಕೊಳ್ಳುತ್ತ ನಿಂತರು. ಆಮೇಲೆ ಶ್ರೀಕಂಠಯ್ಯನವರ ಕಡೆ ತಿರುಗಿ, "ಆ ಹುಡುಗಿಯ ಸಾಲು ತಿದ್ದಬೇಡಿ. ಕೆಂಪು ಗೆರೆ ಅಳಿಸಲೂಬೇಡಿ. ಪಟ್ಟಿಯನ್ನೇ ಹೊಸದಾಗಿ ಮುದ್ರಿಸಿ ಕಳಿಸಿ. ಎಲ್ಲರಿಗೂ ಒಂದೇ ನಿಯಮ" ಅಂದರು. ನನಗೆ, "ಈ ಸಲ ಅದಕ್ಕೆ ಹೇಳಿಯೇ ಮುದ್ರಿಸಿ" ಅಂದರು.

ಹೇಳಿದೆ. ಎರಡು ಅಂಕಗಳನ್ನು ಪೂರ್ಣಾಂಕಗಳಾಗಿಯೇ ಕೂಡಿಸಿ, ಅದಕ್ಕೆ ಒಂದು ಸೇರಿಸಿ, ಆಮೇಲೆ ಎರಡರಿಂದ ಭಾಗಿಸಿ, %d ಹಾಕಿ ಮುದ್ರಿಸು ಅಂತ. ಅರವತ್ತೊಂಬತ್ತಕ್ಕೆ ಒಂದು ಸೇರಿಸಿದರೆ ಎಪ್ಪತ್ತು. ಅದರ ಅರ್ಧ ಮೂವತ್ತೈದು. ಯಾವ ಯಂತ್ರದಲ್ಲೂ, ಯಾವ ಕಾಲದಲ್ಲೂ ಅದು ಮೂವತ್ತೈದೇ. ಪೂರ್ಣಾಂಕವನ್ನು ಭಾಗಿಸಿದಾಗ ಉಳಿಯುವ ಅರ್ಧವನ್ನು ಈ ಭಾಷೆ ಬಿಟ್ಟುಬಿಡುತ್ತದೆ, ಹಾಗಾಗಿ ಸರಾಸರಿಯಲ್ಲಿ ಅರ್ಧ ಇಲ್ಲದವರಿಗೆ ಏನೂ ಹೆಚ್ಚುವುದಿಲ್ಲ. ಚೈತ್ರಾ, ಲ್ಯಾಬಲ್ಲಿ ಏನು ನೋಡಬೇಕು ಅಂತ ಕೇಳಿದೆಯಲ್ಲ, ಇದನ್ನು ನೋಡು. ಮುದ್ರಿಸುವ ಸಾಲು ತೋರಿಸುವುದಕ್ಕೆ ಇರುವುದು, ತೀರ್ಮಾನ ಮಾಡುವುದಕ್ಕಲ್ಲ. ಎಷ್ಟು ಮನೆ, ಎಷ್ಟು ಬಿಂದು ಅನ್ನುವುದು ಅಲಂಕಾರ. ಯಾರು ಒಳಗೆ, ಯಾರು ಹೊರಗೆ ಅನ್ನುವುದನ್ನು ಅಲಂಕಾರದ ಕೈಗೆ ಕೊಡಬಾರದು.

ಶ್ರೀಕಂಠಯ್ಯನವರು ಹೊಸ ಪಟ್ಟಿಯನ್ನು ಕವರಿಗೆ ಹಾಕಿ, ಪೆನ್ಸಿಲು ಕಿವಿಯ ಮೇಲಿರುವಂತೆಯೇ ಬಸ್ಸಿಗೆ ಓಡಿದರು. ಸಿದ್ದಪ್ಪ ಹಳೆಯ ಯಂತ್ರವನ್ನು ಆರಿಸಿ ಪಂಚೆ ಹೊದಿಸಿದ. "ಇನ್ಮ್ಯಾಕೆ ಇದ್ನ ಗುಜರಿ ಅಂತ ಯಾರಾದ್ರೂ ಅನ್ಲಿ" ಅಂದ, ಯಾರಿಗೋ ಹೇಳುವವನಂತೆ. ಅದು ಮತ್ತೆ ಎದ್ದೇಳಲಿಲ್ಲ. ಮುಂದಿನ ಆಯುಧಪೂಜೆಗೆ ಗುಂಡಿ ಒತ್ತಿದರೆ ಗೊರಗೊರವೂ ಇಲ್ಲ. ಆದರೂ ಕುಂಕುಮ ಇಟ್ಟ.

ಅವತ್ತು ಸಂಜೆ ಲ್ಯಾಬಿಗೆ ಬೀಗ ಹಾಕಲು ಹೋದಾಗ ನಾಗರತ್ನ ಇನ್ನೂ ಇದ್ದಳು. ಈ ಸಲ ಚಪ್ಪಲಿ ಹೊರಗೆ ಬಿಟ್ಟಿದ್ದಳು, ಜೋಡಿಸಿ.

"ಬಸ್ಸು ಓಯ್ತದೆ ಕಣೇ, ಹೊರಡು" ಅಂತ ಅವಳ ಮಾತಿನಲ್ಲೇ ಅಂದೆ.

ಅವಳು ನಗಲಿಲ್ಲ. "ಮೇಡಂ, ಒಂದ್ ಮಾತು. ಆ ಅರ್ಧ ನಂದೇನಾ? ಇಲ್ಲಾ, ಪಾಪ ಅಂತ ಎಲ್ರೂ ಸೇರ್ಕಂಡು ಕೊಟ್ರಾ?"

ನಾನು ಏನು ಹೇಳಿದರೂ ಅದು ಸಮಾಧಾನದ ಮಾತಿನ ಹಾಗೆ ಕೇಳಿಸುತ್ತದೆ ಅಂತ ಗೊತ್ತಾಯಿತು. ಲ್ಯಾಬಿನ ಹೊಸ ಯಂತ್ರವನ್ನು ಮತ್ತೆ ಹಚ್ಚಿದೆ. ಬೆಳಿಗ್ಗೆ ಮೂವತ್ತನಾಲ್ಕು ಅಂತ ಮುದ್ರಿಸಿದ್ದ ಪ್ರೋಗ್ರಾಮನ್ನೇ ತೆರೆದು ಕುರ್ಚಿ ಬಿಟ್ಟುಕೊಟ್ಟೆ. "ನಾನು ಮುಟ್ಟೋದಿಲ್ಲ. ನೀನೇ ನೋಡು. ಆ ಬಿಂದುವಿನ ಮುಂದೆ ಸೊನ್ನೆ ಇದೆಯಲ್ಲ, ಅದನ್ನ ತೆಗೆದು ಒಂದು ಹಾಕು, ಬಿಂದುವಿನ ಆಚೆ ಒಂದು ಅಂಕಿ ಕಾಣಲಿ. ಬೇರೇನೂ ಬೇಡ."

ಅವಳು ನಿಧಾನವಾಗಿ ಸೊನ್ನೆ ಅಳಿಸಿದಳು. ಅಳಿಸಿತು ಅಂತ ನೋಡಿಕೊಂಡಳು. ಒಂದು ಒತ್ತಿದಳು. ಓಡಿಸಿ, ತನ್ನ ಅಂಕಗಳನ್ನು ತಾನೇ ಕೊಟ್ಟಳು, ಮೂವತ್ತು, ಮೂವತ್ತೊಂಬತ್ತು.

34.5

ಬೆಳಿಗ್ಗೆಯಿಂದ ಒಳಗೇ ಇದ್ದದ್ದು ಈಗ ಕಂಡಿತು. ಅವಳು ಪರದೆಗೆ ಬೆರಳು ತಾಗಿಸದೆ, ಬಿಂದುವಿನ ಮೇಲೂ ಐದರ ಮೇಲೂ ಗಾಳಿಯಲ್ಲೇ ಬೆರಳು ಆಡಿಸಿದಳು.

"ಅದೆ" ಅಂದಳು.

ಕುರ್ಚಿಯನ್ನು ಮೇಜಿನ ಕೆಳಗೆ ಸರಿಯಾಗಿ ಒಳಕ್ಕೆ ತಳ್ಳಿ, ಚಪ್ಪಲಿ ಮೆಟ್ಟಿಕೊಂಡು ಹೆಡತಲೆಯ ಬಸ್ಸಿಗೆ ಹೊರಟಳು.